ಊರಿನ ಮನೆಯ ಬ್ಯಾಕಪ್ ಸರ್ವರ್‌ಗೆ ಹಿಮ್ಮುಖ ಟನಲ್

ಬೆಂಗಳೂರಿನ ಆಫೀಸಿನ ಬ್ಯಾಕಪ್ ಊರಿನ ಮನೆಯಲ್ಲಿದ್ದರೆ, ಆಫೀಸಿನಲ್ಲಿ ಬೆಂಕಿ ಬಿದ್ದರೂ ಕಳ್ಳತನವಾದರೂ ಡೇಟಾ ಉಳಿಯುತ್ತದೆ. ಆದರೆ ಆ ಮೆಷಿನ್ ಪಕ್ಕದಲ್ಲಿ ಲಿನಕ್ಸ್ ಬಲ್ಲವರು ಯಾರೂ ಇರುವುದಿಲ್ಲ. ಎಲ್ಲವನ್ನೂ ದೂರದಿಂದಲೇ ನೋಡಿಕೊಳ್ಳಬೇಕು.

ಮೊದಲು ಊರಿನ ರೂಟರ್‌ನ ವ್ಯಾನ್ ವಿಳಾಸ (ಇಂಟರ್ನೆಟ್ ಕಡೆಯ ಐಪಿ) ನೋಡಿ. ಅದು 100.64ರಿಂದ 100.127ರವರೆಗಿನ ಸಾಲಿನದಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿದೆ. ಅಲ್ಲಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಉಪಯೋಗವಿಲ್ಲ. ಹೊರಗಿನಿಂದ ಒಳಬರಲು ದಾರಿಯಿಲ್ಲದಿದ್ದರೂ ಒಳಗಿನಿಂದ ಹೊರಹೋಗಲು ಅಡ್ಡಿಯಿಲ್ಲ. ಹಾಗಾಗಿ ಬ್ಯಾಕಪ್ ಸರ್ವರೇ ಪಬ್ಲಿಕ್ ಐಪಿ ಇರುವ ಒಂದು ವಿಪಿಎಸ್‌ಗೆ (ಬಾಡಿಗೆಯ ವರ್ಚುವಲ್ ಸರ್ವರ್) ಎಸ್‌ಎಸ್‌ಎಚ್ (ದೂರದ ಮೆಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಸಂಪರ್ಕ ತೆರೆದಿಟ್ಟುಕೊಳ್ಳಲಿ. ಅದೇ ಸಂಪರ್ಕದೊಳಗೆ ನೀವು ಎದುರು ದಿಕ್ಕಿನಲ್ಲಿ ಸರ್ವರ್‌ಗೆ ಹೋಗುತ್ತೀರಿ, ಇದೇ ಹಿಮ್ಮುಖ ಟನಲ್. ಇದಕ್ಕೆ 512 ಎಂಬಿ ರ‍್ಯಾಮ್‌ನ ಸಣ್ಣ ವಿಪಿಎಸ್ ಸಾಕು.

ವಿಪಿಎಸ್‌ನಲ್ಲಿ ಟನಲ್‌ಗೆಂದೇ ಪ್ರತ್ಯೇಕ ಬಳಕೆದಾರನನ್ನು ಮಾಡಿ, ಶೆಲ್ ನೋಲಾಗಿನ್ (ಲಾಗಿನ್ ಆಗಿ ಆದೇಶ ಕೊಡಲು ಬಿಡದ್ದು) ಇರಲಿ. ಬ್ಯಾಕಪ್ ಸರ್ವರ್‌ನಲ್ಲಿ ಪಾಸ್‌ಫ್ರೇಸ್ ಇಲ್ಲದ ಇಡಿ25519 ಬಗೆಯ ಎಸ್‌ಎಸ್‌ಎಚ್ ಕೀ ಸೃಷ್ಟಿಸಿ, ಅದರ ಪಬ್ಲಿಕ್ ಭಾಗವನ್ನು ಆ ಬಳಕೆದಾರನ ಆಥರೈಸ್ಡ್ ಕೀಸ್ ಕಡತಕ್ಕೆ ಹಾಕಿ. ಅದೇ ಸಾಲಿನ ಆರಂಭದಲ್ಲಿ ರೆಸ್ಟ್ರಿಕ್ಟ್, ಪೋರ್ಟ್-ಫಾರ್ವರ್ಡಿಂಗ್, ಪರ್ಮಿಟ್‌ಲಿಸನ್="ಲೋಕಲ್‌ಹೋಸ್ಟ್:2222" ಎಂಬ ಮೂರು ಮಾತುಗಳನ್ನು ನಡುವೆ ಜಾಗ ಬಿಡದೆ ಅಲ್ಪವಿರಾಮದಿಂದ ಜೋಡಿಸಿ. ಪರ್ಮಿಟ್‌ಲಿಸನ್‌ಗೆ ಓಪನ್‌ಎಸ್‌ಎಸ್‌ಎಚ್ 7.8 ಅಥವಾ ಹೊಸದು ಬೇಕು. ಊರಿನ ಮೆಷಿನ್ ಯಾರ ಕೈಗೆ ಸಿಕ್ಕರೂ ಆ ಕೀಯಿಂದ ವಿಪಿಎಸ್‌ನಲ್ಲಿ ಶೆಲ್ ಸಿಗಬಾರದು. ಈ ಹೆಜ್ಜೆಯನ್ನು ಬಿಡಲೇಬೇಡಿ.

ಟನಲ್ ತೆರೆಯುವ ಆದೇಶ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ಎನ್, ಆರ್ ಎರಡೂ ದೊಡ್ಡಕ್ಷರ):

ಎಸ್‌ಎಸ್‌ಎಚ್ -ಎನ್ -ಆರ್ ಲೋಕಲ್‌ಹೋಸ್ಟ್:2222:ಲೋಕಲ್‌ಹೋಸ್ಟ್:22 ಟನಲ್@ವಿಪಿಎಸ್‌ವಿಳಾಸ

ಇದರಿಂದ ವಿಪಿಎಸ್‌ನ 2222 ಪೋರ್ಟ್‌ಗೆ ಬಂದದ್ದು ಟನಲ್ ಮೂಲಕ ಬ್ಯಾಕಪ್ ಸರ್ವರ್‌ನ ಎಸ್‌ಎಸ್‌ಎಚ್ ಪೋರ್ಟ್ 22ಕ್ಕೆ ಹೋಗುತ್ತದೆ. ಮುಂದೆ ಈ ಆದೇಶವನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಸರ್ವಿಸ್ ಆಗಿ ಓಡಿಸುತ್ತದೆ. ಆ ಸರ್ವಿಸ್ ಯಾವ ಬಳಕೆದಾರನ ಹೆಸರಿನಲ್ಲಿ ಓಡಲಿದೆಯೋ ಅದೇ ಬಳಕೆದಾರನಾಗಿ ಇದನ್ನು ಒಮ್ಮೆ ಕೈಯಾರೆ ಓಡಿಸಿ, ಹೋಸ್ಟ್ ಕೀ (ವಿಪಿಎಸ್‌ನ ಗುರುತು) ಸರಿಯಿದೆಯೇ ನೋಡಿ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಸಿಸ್ಟಮ್‌ಡಿ ಅಡಿಯಲ್ಲಿ "ಯೆಸ್" ಎನ್ನುವವರಿಲ್ಲದೆ ಸಂಪರ್ಕವೇ ಆಗುವುದಿಲ್ಲ.

ಟನಲ್ ತೆರೆಯುವುದಕ್ಕಿಂತ ಬಿದ್ದ ಟನಲ್ ತಾನೇ ಎದ್ದು ನಿಲ್ಲುವಂತೆ ಮಾಡುವುದೇ ಕಷ್ಟದ ಕೆಲಸ. ನೆಟ್ ಸದ್ದಿಲ್ಲದೆ ಕಡಿದುಹೋದಾಗ ಎರಡೂ ತುದಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ಬ್ಯಾಕಪ್ ಕಡೆಯಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 30, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಇಡಿ. ಸುಮಾರು 90 ಸೆಕೆಂಡಿನಲ್ಲಿ ಸತ್ತ ಸಂಪರ್ಕ ಕೈಬಿಡುತ್ತದೆ. ವಿಪಿಎಸ್‌ನ ಎಸ್‌ಎಸ್‌ಎಚ್‌ಡಿಯಲ್ಲೂ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ಕ್ಲೈಂಟ್‌ಅಲೈವ್‌ಇಂಟರ್ವಲ್, ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ ಜೋಡಿಗೆ ಇದೇ ಅಂಕಿ ಕೊಡಿ. ಇದನ್ನು ಮರೆತರೆ ಹಳೆಯ ಸೆಷನ್ 2222ನ್ನು ಹಿಡಿದುಕೊಂಡೇ ಇರುತ್ತದೆ, ಹೊಸದಕ್ಕೆ ಜಾಗ ಸಿಗದು. ಆಗ ಎಸ್‌ಎಸ್‌ಎಚ್ ಬರೀ ಎಚ್ಚರಿಕೆ ಕೊಟ್ಟು, ಫಾರ್ವರ್ಡ್ ಇಲ್ಲದೆಯೇ ಸಂಪರ್ಕದಲ್ಲಿ ಕೂತಿರುತ್ತದೆ. ಸಿಸ್ಟಮ್‌ಡಿ "ಆಕ್ಟಿವ್" ಎನ್ನುತ್ತದೆ, ನಿಮಗೆ ಮಾತ್ರ ಬಾಗಿಲು ತೆರೆಯದು. ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್ ಎಂದು ಹಾಕಿದರೆ ಅದು ಸೋತು ಹೊರಬಂದು ಮತ್ತೆ ಪ್ರಯತ್ನಿಸುತ್ತದೆ.

ಸಿಸ್ಟಮ್‌ಡಿ ಯೂನಿಟ್‌ನಲ್ಲಿ (ಸರ್ವಿಸ್‌ನ ವಿವರವಿರುವ ಕಡತ) ರಿಸ್ಟಾರ್ಟ್=ಆಲ್ವೇಸ್ ಒಂದೇ ಸಾಲದು, ರಿಸ್ಟಾರ್ಟ್‌ಸೆಕ್=30 ಕೂಡ ಬೇಕು. ಕರೆಂಟ್ ಬಂದಾಗ ರೂಟರ್‌ಗಿಂತ ಮೊದಲು ಸರ್ವರ್ ಎದ್ದರೆ ಡಿಎನ್‌ಎಸ್ ಸಿಗದೆ ಎಸ್‌ಎಸ್‌ಎಚ್ ಕ್ಷಣದಲ್ಲಿ ಸೋಲುತ್ತದೆ. 10 ಸೆಕೆಂಡಿನಲ್ಲಿ 5 ಬಾರಿ ಶುರುವಾಗಿ ಸೋತರೆ ಸಿಸ್ಟಮ್‌ಡಿ ಪ್ರಯತ್ನವನ್ನೇ ನಿಲ್ಲಿಸಿಬಿಡುತ್ತದೆ. ಕೊನೆಗೆ, ಮೆಷಿನ್ ಎದ್ದಾಗಲೆಲ್ಲ ತಾನೇ ಶುರುವಾಗುವಂತೆ ಯೂನಿಟ್ಟನ್ನು ಎನೇಬಲ್ ಮಾಡಲು ಮರೆಯಬೇಡಿ. ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ಮೆಷಿನ್ ತಾನೇ ಆನ್ ಆಗುವ ಆಯ್ಕೆಯನ್ನೂ ಈಗಲೇ ಹಾಕಿಡಿ. ಆಮೇಲೆ ದೂರದಿಂದ ಅದನ್ನು ಮಾಡಲಾಗದು.

ನಿಮ್ಮ ಲ್ಯಾಪ್‌ಟಾಪ್‌ನಿಂದ ಹೋಗಲು ಎಸ್‌ಎಸ್‌ಎಚ್ -ಜೆ (ದೊಡ್ಡಕ್ಷರ) ಬಳಸಿ: ವಿಪಿಎಸ್‌ನ ನಿಮ್ಮದೇ ಖಾತೆಯ ಮೂಲಕ ಲೋಕಲ್‌ಹೋಸ್ಟ್‌ನ 2222ಕ್ಕೆ. ನಿಮ್ಮ ಖಾಸಗಿ ಕೀಯನ್ನು ವಿಪಿಎಸ್‌ಗೆ ಕಾಪಿ ಮಾಡಬೇಡಿ, ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಕೀಯನ್ನು ದೂರದ ಮೆಷಿನ್‌ನಿಂದ ಬಳಸಲು ಬಿಡುವುದು) ಕೂಡ ಬೇಡ. ವೆಬ್ ಪುಟ ಬೇಕಿದ್ದರೆ ಅದೇ ಆದೇಶಕ್ಕೆ -ಎಲ್ (ಇದೂ ದೊಡ್ಡಕ್ಷರ) 8007:ಲೋಕಲ್‌ಹೋಸ್ಟ್:8007 ಸೇರಿಸಿದರೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಎಂಬ ಬ್ಯಾಕಪ್ ತಂತ್ರಾಂಶದ ಪುಟ ನಿಮ್ಮ ಬ್ರೌಸರ್‌ನಲ್ಲೇ ತೆರೆಯುತ್ತದೆ. ವಿಪಿಎಸ್‌ನ ಎಸ್‌ಎಸ್‌ಎಚ್‌ಡಿಯಲ್ಲಿ ಗೇಟ್‌ವೇಪೋರ್ಟ್ಸ್ ಮುಟ್ಟಬೇಡಿ, ಅದನ್ನು ಯೆಸ್ ಮಾಡಿದರೆ 2222 ಇಡೀ ಇಂಟರ್ನೆಟ್‌ಗೆ ತೆರೆದುಕೊಳ್ಳುತ್ತದೆ.

ದೂರದಿಂದ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಬದಲಿಸಿದಾಗ ಮೊದಲು ಎಸ್‌ಎಸ್‌ಎಚ್‌ಡಿ -ಟಿ (ಇದು ಸಣ್ಣಕ್ಷರ) ಓಡಿಸಿ, ತಪ್ಪಿಲ್ಲವೆಂದಾದ ಮೇಲೆ ರಿಸ್ಟಾರ್ಟ್ ಮಾಡಿ. ಹಳೆಯ ಸೆಷನ್ ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ. ಗಂಟೆಗಟ್ಟಲೆ ಹಿಡಿಯುವ ರಿಸ್ಟೋರ್ ಅಥವಾ ವೆರಿಫೈ ಕೆಲಸವನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಪ್ರೋಗ್ರಾಂ) ಒಳಗೇ ಶುರುಮಾಡಿ.

ಸರ್ವರ್ ಊರಿಗೆ ಹೋಗುವ ಮುನ್ನ, ಅದಿನ್ನೂ ಕೈಗೆಟಕುವಾಗಲೇ, ನೆಟ್ ಕೇಬಲ್ ಕಿತ್ತು 5 ನಿಮಿಷ ಬಿಟ್ಟು ಹಾಕಿ. ಆಮೇಲೆ ರೂಟರ್ ಮತ್ತು ಸರ್ವರ್ ಎರಡರ ಪ್ಲಗ್ಗನ್ನೂ ಒಟ್ಟಿಗೆ ತೆಗೆದು ಹಾಕಿ. ಎರಡು ಸಲವೂ ಯಾವ ಕೀಬೋರ್ಡನ್ನೂ ಮುಟ್ಟದೆ ವಿಪಿಎಸ್‌ನಲ್ಲಿ 2222 ಮರಳಿ ಬಂದರೆ ಬಸ್ಸಿಗೆ ಹತ್ತಿಸಬಹುದು.