ಡ್ರಿಲ್ಲಿಂಗ್ ಮಷಿನ್ ಅಲುಗಾಡುತ್ತಿದೆಯೇ? ಬೇರಿಂಗ್ ಬಿಚ್ಚಲು ಅವಸರ ಬೇಡ

ತುಮಕೂರಿನ ಅಂತರಸನಹಳ್ಳಿಯ ಶೆಡ್ಡೊಂದರಲ್ಲಿ 8 ಮಿ.ಮೀ. ಬಿಟ್ಟಿನಲ್ಲಿ ಕೊರೆದ ತೂತಿಗೆ 8 ಮಿ.ಮೀ. ಪಿನ್ನು ಹಾಕಿದರೆ ಲೊಡಲೊಡ ಎನ್ನುತ್ತಿತ್ತು. ಮಾಲೀಕರು ಆಗಲೇ ಹೊಸ ಬೇರಿಂಗ್ ತಂದಿಟ್ಟಿದ್ದರು. ಅದು ಇನ್ನೂ ಡಬ್ಬಿಯಲ್ಲೇ ಇದೆ.

ಮೊದಲು ಪ್ಲಗ್ ಕಿತ್ತುಬಿಡಿ. ಹ್ಯಾಂಡಲ್ ತಿರುಗಿಸಿದಾಗ ಸ್ಪಿಂಡಲನ್ನು, ಅಂದರೆ ಬಿಟ್ಟನ್ನು ತಿರುಗಿಸುವ ದಂಡವನ್ನು, ಹೊತ್ತು ಕೆಳಗಿಳಿಯುವ ಉಕ್ಕಿನ ಕೊಳವೆಯೇ ಕ್ವಿಲ್. ಅದನ್ನು ಎರಡು ಇಂಚು ಇಳಿಸಿ, ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ತುದಿಯನ್ನು ಅದರ ಮೈಗೆ ತಾಗಿಸಿ. ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡು ಮಷಿನ್ನಿನ ತಲೆಯ ಮೇಲೇ ಕೂರಬೇಕು. ಟೇಬಲ್ ಮೇಲಿಟ್ಟರೆ ಕಂಬ ಬಾಗುವುದೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಈಗ ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಮುಳ್ಳು ಓಡಿದರೆ ಕ್ವಿಲ್ಲೇ ಸಡಿಲ. ಕ್ವಿಲ್ ಗಟ್ಟಿಯಾಗಿದ್ದು ಸ್ಪಿಂಡಲ್ ಮಾತ್ರ ಅಲುಗಿದರೆ ಬೇರಿಂಗಿನ ಮೇಲೆ ಅನುಮಾನ ಪಡಿ. ಎರಡೂ ಅಲುಗದೆ, ತಿರುಗುವಾಗ ಮಾತ್ರ ಡ್ರಿಲ್ ಬಿಟ್ಟಿನ ತುದಿ ಸುತ್ತು ಹೊಡೆಯುತ್ತಿದ್ದರೆ ಅದು ಸಡಿಲಿಕೆಯಲ್ಲ, ಓಟದ ದೋಷ (ರನ್‌ಔಟ್). ಚಕ್ ಇಳಿಸಿ, ಅದು ಕೂರುವ ಶಂಕುವಿನಾಕಾರದ ಟೇಪರನ್ನು ಒರೆಸಿ ನೋಡಿ. ಅಲ್ಲಿ ಕೂದಲೆಳೆಯಷ್ಟು ಚೂರು ಸಿಕ್ಕಿಕೊಂಡರೂ ಸಾಕು.

ಆ ಶೆಡ್ಡಿನಲ್ಲಿ ಸಡಿಲವಾಗಿದ್ದದ್ದು ಕ್ವಿಲ್. ಬಹಳಷ್ಟು ಬೆಂಚ್ ಡ್ರಿಲ್‌ಗಳ ಪಕ್ಕದಲ್ಲಿ ಲಾಕ್ ನಟ್ ಹಾಕಿದ ಒಂದು ಸ್ಕ್ರೂ ಇರುತ್ತದೆ. ಅದರ ತುದಿ ಕ್ವಿಲ್ಲಿನ ಮೈಯಲ್ಲಿರುವ ಉದ್ದನೆಯ ತೋಡಿನೊಳಗೆ ಕೂರುತ್ತದೆ. ನಟ್ ಸಡಿಲಿಸಿ, ಸ್ಕ್ರೂವನ್ನು ಚೂರುಚೂರೇ ಒಳಗೆ ತಿರುಗಿಸುತ್ತಾ ಕ್ವಿಲ್ಲನ್ನು ಏರಿಸಿ ಇಳಿಸಿ. ಕೈಗೆ ಬಿಗಿ ಎನಿಸಿದ ತಕ್ಷಣ ಒಂದಿಷ್ಟು ಹಿಂದಕ್ಕೆ ತನ್ನಿ. ಆಮೇಲೆ ಸ್ಕ್ರೂ ಡ್ರೈವರಿನಿಂದ ಸ್ಕ್ರೂವನ್ನು ಅದುಮಿ ಹಿಡಿದುಕೊಂಡೇ ನಟ್ ಬಿಗಿಯಿರಿ. ಎಲ್ಲರೂ ಎಡವುವುದು ಇಲ್ಲೇ: ನಟ್ಟಿನ ಜೊತೆ ಸ್ಕ್ರೂ ತಾನೂ ತಿರುಗಿ, ಮಾಡಿದ ಕೆಲಸವೆಲ್ಲ ನೀರುಪಾಲಾಗುತ್ತದೆ. ಕೆಲವು ಮಷಿನ್ನುಗಳಲ್ಲಿ ತಲೆಯನ್ನೇ ಸೀಳಿ ಬೋಲ್ಟ್ ಹಾಕಿರುತ್ತಾರೆ, ಅದನ್ನು ಬಿಗಿದರಾಯಿತು. ತಂಪು ಪಾನೀಯದ ಡಬ್ಬಿ ಕತ್ತರಿಸಿ ಸಂದಿಗೆ ತುರುಕುವವರೂ ಇದ್ದಾರೆ. ನನಗೆ ಅದು ಒಗ್ಗದು. ಕ್ವಿಲ್ ಓಡಾಡುವ ರಂಧ್ರವೇ ಸವೆದಿದ್ದರೆ ಲೇತ್ ಕೆಲಸದವರ ಬಳಿ ಬುಷ್ (ಒಳಗೆ ಕೂರಿಸುವ ಲೋಹದ ಕೊಳವೆ) ಹಾಕಿಸುವುದೇ ಮೇಲು.

ಬೇರಿಂಗೇ ಹೋಗಿದ್ದರೆ ಕ್ವಿಲ್ ಹೊರತೆಗೆಯಬೇಕು. ಅದಕ್ಕೂ ಮುಂಚೆ ಪಕ್ಕದ ಮುಚ್ಚಳದೊಳಗಿನ ಸುರುಳಿ ಸ್ಪ್ರಿಂಗಿಗೆ ಹೆದರಿ. ಬಿಗಿಯಾಗಿ ಹಿಡಿದು ಮೆಲ್ಲನೆ ಬಿಡಿಸದಿದ್ದರೆ ಬೆರಳು ಸೀಳುತ್ತದೆ. ಬೇರಿಂಗ್ ಮೇಲಿನ ಸಂಖ್ಯೆ ನೋಡಿಯೇ ಕೊಳ್ಳಿ. 6203 ಎಂದಿದ್ದರೆ ಒಳ ವ್ಯಾಸ 17, ಹೊರ ವ್ಯಾಸ 40, ದಪ್ಪ 12 ಮಿ.ಮೀ. ಕ್ವಿಲ್ಲಿಗೆ ಕೂರಿಸುವಾಗ ಹೊರ ಉಂಗುರವನ್ನು, ಸ್ಪಿಂಡಲ್ಲಿಗೆ ಏರಿಸುವಾಗ ಒಳ ಉಂಗುರವನ್ನು ಮಾತ್ರ ಒತ್ತಿ.

ಅಂತರಸನಹಳ್ಳಿಯಲ್ಲಿ ಮುಳ್ಳು ಮೊದಲು 0.25 ಮಿ.ಮೀ. ಓಡುತ್ತಿತ್ತು, ಸ್ಕ್ರೂ ಬಿಗಿದ ಮೇಲೆ 0.04ಕ್ಕೆ ನಿಂತಿತು. ಹೊಸದಾಗಿ ಕೊರೆದ ತೂತಿಗೆ ಅದೇ ಪಿನ್ನನ್ನು ಹೆಬ್ಬೆರಳಲ್ಲಿ ಒತ್ತಿಯೇ ಇಳಿಸಬೇಕಾಯಿತು.