ಪರಸಿ ಕಟ್ಟೆ ಕೀಳಿಸದೆ ಅಡುಗೆಮನೆ ಬೆಳಗಿಸಿದ್ದು

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಅಡುಗೆಮನೆಯಲ್ಲಿ ಹಗಲು ಹನ್ನೊಂದಕ್ಕೂ ದೀಪ ಹಾಕಬೇಕಾಗಿತ್ತು. ಗೋಡೆಯ ಕೆಳಗಿನ ಅರ್ಧಕ್ಕೆ ಕಡು ಹಸಿರು ಆಯಿಲ್ ಪೇಂಟ್, ಮೇಲಿನ ಅರ್ಧಕ್ಕೆ ಹೊಗೆ ಹಿಡಿದ ಸುಣ್ಣ, ಕಂದು ಬಣ್ಣದ ಕಪಾಟುಗಳು, ಶಹಾಬಾದ್ ಪರಸಿಯ, ಅಂದರೆ ಚಪ್ಪಡಿ ಕಲ್ಲಿನ, ಬೂದು ಕಟ್ಟೆ. ನೋಡಲು ಬಂದ ಮೇಸ್ತ್ರಿ ಕಟ್ಟೆ ಕಿತ್ತು ಗ್ರಾನೈಟ್ ಹಾಕಿಸಿ, ಗೋಡೆಗೆ ಟೈಲ್ಸ್ ಹಚ್ಚಿಸಿ ಎಂದು 65,000 ರೂಪಾಯಿಯ ಲೆಕ್ಕ ಹೇಳಿದರು. ನಮ್ಮಲ್ಲಿ ಅಷ್ಟು ದುಡ್ಡು ಇರಲಿಲ್ಲ. ಇದ್ದಿದ್ದರೂ ಆ ಕಲ್ಲನ್ನು ನಾನು ಕೀಳಿಸುತ್ತಿರಲಿಲ್ಲ. ಒಲೆಯ ಎಡಕ್ಕೆ ಅತ್ತೆಯವರು ಮೂವತ್ತು ವರ್ಷ ರೊಟ್ಟಿ ಬಡಿದ ಜಾಗವಿದೆ. ಒಂದು ರೊಟ್ಟಿಯಷ್ಟು ಅಗಲಕ್ಕೆ ಕಲ್ಲಿನ ಬಣ್ಣ ತಿಳಿಯಾಗಿ, ಮೈ ನುಣುಪಾಗಿದೆ. ಬೆರಳಾಡಿಸಿದರೆ ನಡುವೆ ಸಣ್ಣ ತಗ್ಗು ಕೈಗೆ ಸಿಗುತ್ತದೆ.

ದಸರಾ ರಜೆಯಲ್ಲಿ ಕೆಲಸ ಹಿಡಿದೆ. ದೀಪಾವಳಿಗೆ ಮೊದಲು ಹೇಗೂ ಮನೆ ಬಳಿಯುವ ರೂಢಿ, ಬೇಸಿಗೆಯ ಧಗೆಯಲ್ಲಾದರೆ ಬಣ್ಣ ಕುಂಚದಲ್ಲಿರುವಾಗಲೇ ಬಿಗಿಯುತ್ತದೆ. ಆ ಆರು ದಿನ ಸಿಲಿಂಡರ್ ಮತ್ತು ಒಲೆಯನ್ನು ಹಿತ್ತಲಿಗೆ ಸಾಗಿಸಿದ್ದೆವು, ಟರ್ಪೆಂಟೈನ್ ವಾಸನೆ ಇರುವಲ್ಲಿ ಬೆಂಕಿ ಹಚ್ಚಬಾರದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನಲ್ಲಿ ದಿನಗಳು ಕಳೆದವು.

ಮೊದಲ ದಿನ ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ಕಿಟಕಿಯ ಸೊಳ್ಳೆ ಜಾಲರಿಯನ್ನು ಬಿಚ್ಚಿ ಬಿಸಿನೀರು, ವಾಷಿಂಗ್ ಸೋಡಾದಲ್ಲಿ ನೆನೆಹಾಕಿದೆ. ಒಗ್ಗರಣೆಯ ಜಿಡ್ಡು, ಅದರ ಮೇಲೆ ಜೋಳದ ಹಿಟ್ಟಿನ ಧೂಳು ಕೂತು ಜಾಲರಿಯ ಕಣ್ಣುಗಳೇ ಮುಚ್ಚಿಹೋಗಿದ್ದವು. ತೊಳೆದು ಮತ್ತೆ ಕೂರಿಸಿದಾಗ ಪಕ್ಕದ ಮನೆಯ ಗೋಡೆಯ ಮೇಲೆ ಬಿದ್ದ ಬಿಸಿಲು ಒಳಗೆ ಬಂತು. ಇಷ್ಟು ವರ್ಷ ಆ ಬೆಳಕು ಹೊರಗೆ ನಿಂತಿತ್ತಲ್ಲ ಎಂದು ಹೊಟ್ಟೆ ಉರಿಯಿತು.

ಎರಡನೆಯದು ದೀಪ. ಟ್ಯೂಬ್‌ಲೈಟ್ ಬಾಗಿಲ ಮೇಲಿತ್ತು, ಅಂದರೆ ಒಲೆಯ ಮುಂದೆ ನಿಂತವರ ಬೆನ್ನ ಹಿಂದೆ. ನಮ್ಮ ನೆರಳೇ ಪಾತ್ರೆಯೊಳಗೆ ಬೀಳುತ್ತಿತ್ತು. ಒಲೆಯ ಮುಂದಿನ ಗೋಡೆಯ ಹಲಗೆಯ ಕೆಳಗೆ, ಉರಿಯಿಂದ ದೂರಕ್ಕೆ, ಎರಡು ಎಲ್‌ಇಡಿ ಪಟ್ಟಿ ದೀಪ ಹಾಕಿಸಿದೆ. ತಂತಿಯ ಕೆಲಸವನ್ನಷ್ಟೇ ಎಲೆಕ್ಟ್ರಿಷಿಯನ್‌ಗೆ ಬಿಟ್ಟೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಹೇಳುತ್ತಾರೆ, ಡಬ್ಬಿಯ ಮೇಲೆ 4000 ಕೆಲ್ವಿನ್ ಎಂದು ಬರೆದದ್ದನ್ನು ಹುಡುಕಿ ತಂದೆ. 6500ರ ನೀಲಿ ಬಿಳುಪಿನಲ್ಲಿ ಅರಿಶಿನ ಹಾಕಿದ ತೊಗರಿಬೇಳೆಯೂ ಕಳೆಗುಂದಿ ಕಾಣುತ್ತದೆ.

ಹಸಿರು ಗೋಡೆಯ ವಿಚಾರದಲ್ಲಿ ಎಚ್ಚರ ಬೇಕು. ಹಳೆಯ ಆಯಿಲ್ ಪೇಂಟಿನಲ್ಲಿ ವಿಷಕಾರಿ ಸೀಸ ಇರುವ ಸಂಭವ ಬಹಳ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಮ್ಮ ಗೋಡೆಯ ಬಣ್ಣ ಅದಕ್ಕಿಂತ ಎಷ್ಟೋ ಹಿಂದಿನದು. ಆದ್ದರಿಂದ ಒಣಗೋಡೆಯನ್ನು ಉಜ್ಜಿ ಧೂಳೆಬ್ಬಿಸಲಿಲ್ಲ. ಸೋಡಾ ನೀರಿನಿಂದ ಜಿಡ್ಡು ತೆಗೆದು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ವಾಟರ್ ಪೇಪರನ್ನು (ನೆನೆಸಿ ಬಳಸುವ ಉಜ್ಜುಕಾಗದ) ನೀರಿನಲ್ಲಿ ಅದ್ದಿ ಅದ್ದಿ ಹೊಳಪು ಹೋಗುವವರೆಗೆ ಮಾತ್ರ ಉಜ್ಜಿದೆ. ಇಳಿದ ಕೆಸರನ್ನು ಹಳೆಯ ಪತ್ರಿಕೆಯಲ್ಲಿ ಒರೆಸಿ ಸುತ್ತಿಟ್ಟೆ. ಮಕ್ಕಳನ್ನು ಒಳಗೆ ಬಿಡಲಿಲ್ಲ. ಆಮೇಲೆ ಆಯಿಲ್ ಪ್ರೈಮರ್ ಒಂದು ಕೈ, ಕೆನೆಬಣ್ಣದ ಎನಾಮೆಲ್ ಎರಡು ಕೈ. ಒಂದು ಕೈಗೂ ಇನ್ನೊಂದಕ್ಕೂ ಒಂದು ಇಡೀ ರಾತ್ರಿಯ ಅಂತರ. ಈ ಉಜ್ಜುವಿಕೆ ತಪ್ಪಿಸಿದರೆ ಎಷ್ಟು ದುಬಾರಿ ಬಣ್ಣವಾದರೂ ಆರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಕಪಾಟಿನ ಬಾಗಿಲುಗಳಿಗೂ ಇದೇ ಕ್ರಮ, ಹಿಡಿಕೆಗಳನ್ನು ಮಾತ್ರ ಬಿಚ್ಚಿ ಹೊಸವು ಹಾಕಿದೆ, ಒಂದಕ್ಕೆ 45 ರೂಪಾಯಿಯಂತೆ ಹನ್ನೆರಡು. ಮೇಲಿನ ಸುಣ್ಣವನ್ನು ಕೆರೆದು, ಪ್ರೈಮರ್ ಕೊಟ್ಟು, ಬಿಳಿ ಎಮಲ್ಷನ್ ಬಳಿದೆ.

ಕಟ್ಟೆಯ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಮೂಲೆಯ ಎಣ್ಣೆ ಕಲೆ ಹೋಗಲೆಂದು ಬಚ್ಚಲುಮನೆಗೆ ತಂದಿದ್ದ ಆ್ಯಸಿಡ್ ಸುರಿದೆ. ಚುರ್ ಎಂದು ನೊರೆಯೆದ್ದಿತು. ತೊಳೆದಾಗ ಅಂಗೈಯಷ್ಟು ಜಾಗ ಬಿಳಿಚಿಕೊಂಡು ಒರಟಾಗಿತ್ತು. ಶಹಾಬಾದ್ ಪರಸಿ ಎಂದರೆ ಸುಣ್ಣದಕಲ್ಲು. ವಾಡಿ, ಸೇಡಂ ಕಡೆ ಇಂಥದೇ ಕಲ್ಲನ್ನು ಸುಟ್ಟು ಸಿಮೆಂಟ್ ಮಾಡುತ್ತಾರೆ. ಹುಳಿ ತಾಗಿದರೆ ಅದು ಕರಗುತ್ತದೆ. ಆ್ಯಸಿಡ್ ಇರಲಿ, ನಿಂಬೆರಸ, ಹುಣಸೆಹುಳಿ ಚೆಲ್ಲಿ ಹಾಗೇ ಬಿಟ್ಟರೂ ಕಲೆ ನಿಲ್ಲುತ್ತದೆ. ಈ ಭಾಗದಲ್ಲಿ ಹುಟ್ಟಿ ಬೆಳೆದವಳಿಗೆ ಇದು ನೆನಪಿರಬೇಕಿತ್ತು. ಬಹಳ ಸಂಕಟವಾಯಿತು.

ಸರಿಪಡಿಸಿದ್ದು ಹೀಗೆ: ಕಲ್ಲಿಗೆ ನೀರು ಹನಿಸುತ್ತ 120, 220, 400 ನಂಬರಿನ ವಾಟರ್ ಪೇಪರಿನಲ್ಲಿ ಸರತಿಯಂತೆ ಉಜ್ಜಿದೆ. ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎರಡು ದಿನ ಒಣಗಲು ಬಿಟ್ಟು, ಶುದ್ಧ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಕಾಲು ಗಂಟೆಯ ನಂತರ ಮಿಕ್ಕದ್ದನ್ನು ಪೂರ್ತಿ ಒರೆಸಿದೆ. ಒರೆಸದೆ ಬಿಟ್ಟರೆ ಅಂಟು ಕಟ್ಟುತ್ತದೆ. ಬೂದುಗಲ್ಲು ಮಳೆ ಬಿದ್ದ ಎರೆಹೊಲದ ಬಣ್ಣಕ್ಕೆ ತಿರುಗಿತು, ಅದರ ಹಿಂದೆ ಕೆನೆಬಣ್ಣದ ಗೋಡೆ ಇನ್ನಷ್ಟು ತಿಳಿಯಾಯಿತು. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮಡಿಕೆಗಳಲ್ಲಿ ಕಾವು ಕೂಡಿದರೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ನಾನು ಹಿತ್ತಲಿನಲ್ಲಿ ಬಿಡಿಸಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಬಿಸಾಡಿದೆ.

ರೊಟ್ಟಿ ಬಡಿಯುವ ಜಾಗಕ್ಕೆ ಮಾತ್ರ ಪೇಪರೂ ತಾಗಿಸಲಿಲ್ಲ, ಎಣ್ಣೆಯನ್ನೂ ಮುಟ್ಟಿಸಲಿಲ್ಲ. ಹಿಟ್ಟು ಉದುರಿಸಿ ಬಡಿಯುವಾಗ ಅಲ್ಲಿ ಕಲ್ಲು ಒಣಗಿರಬೇಕು ಎಂದು ಅತ್ತೆಯವರು ಮೊದಲೇ ಹೇಳಿದ್ದರು. ಅಡುಗೆಮನೆಗೆ ಮರಳಿದ ದಿನ ಅವರೇ ಮೊದಲ ರೊಟ್ಟಿ ಬಡಿದರು. “ಹಂಚಿನ ಮೇಲೆ ನೀರು ಸವರಿದ್ದೂ ಈಗ ಕಣ್ಣಿಗೆ ಕಾಣುತ್ತದೆಯಮ್ಮಾ” ಎಂದರು. ಅವರಿಗೆ ಎಪ್ಪತ್ತೆರಡು ವರ್ಷ. ಆ ಮಾತು ಕೇಳಿ ಆರು ದಿನದ ಕೈನೋವು ಮರೆತುಹೋಯಿತು.

ಎಲೆಕ್ಟ್ರಿಷಿಯನ್ ಕೂಲಿ ಸೇರಿ ಒಟ್ಟು 4,800 ರೂಪಾಯಿ ಖರ್ಚಾಯಿತು. ಸಿಂಕಿನ ಹಿಂದಿನ ಗೋಡೆಗೆ ಇನ್ನೂ ಬಣ್ಣ ಹಚ್ಚಿಲ್ಲ. ಒಳಗಿನ ಪೈಪ್ ಸೋರಿ ಅಲ್ಲಿ ಗಾರೆ ಉಬ್ಬಿದೆ, ಹಸಿಗೋಡೆಯ ಮೇಲೆ ಯಾವ ಬಣ್ಣವೂ ನಿಲ್ಲದು. ಪೈಪ್ ಬದಲಿಸಿ, ಉಬ್ಬಿದ ಗಾರೆ ಕೆರೆದು ಬಿಟ್ಟಿದ್ದೇನೆ. ಏಪ್ರಿಲ್ ಹೊತ್ತಿಗೆ ನಮ್ಮೂರ ಬಿಸಿಲೇ ಅದನ್ನು ಒಣಗಿಸುತ್ತದೆ. ಅರ್ಧ ಲೀಟರ್ ಕೆನೆಬಣ್ಣ ಡಬ್ಬಿಯಲ್ಲಿ ಉಳಿದಿದೆ.