ಲಾರಿ ದಾರಿಯಲ್ಲಿ ಕೆಟ್ಟು ನಿಲ್ಲದಂತೆ ವಾಹನದ ದತ್ತಾಂಶವನ್ನು ಬಳಸುವ ಕ್ರಮ

ಹತ್ತು ಹದಿನೈದು ಲಾರಿಗಳನ್ನು ನಡೆಸುವ ಮಾಲೀಕರ ಮೊಬೈಲಿನಲ್ಲಿ ಈಗ ಸಾಮಾನ್ಯವಾಗಿ ಟ್ರ್ಯಾಕಿಂಗ್ ಆ್ಯಪ್ ಇರುತ್ತದೆ. ಆದರೆ ಸರಕಿನವರು ಫೋನ್ ಮಾಡಿ ‘ಗಾಡಿ ಎಲ್ಲಿಗೆ ಬಂತು’ ಎಂದು ಕೇಳಿದಾಗ ಮಾತ್ರ ಅದನ್ನು ತೆರೆಯುವುದು ರೂಢಿಯಾಗಿಬಿಟ್ಟಿದೆ. 2020ರ ಏಪ್ರಿಲ್ 1ರಂದು ಬಿಎಸ್-6 ಎಂಬ ಹೊಗೆ ಮಾಲಿನ್ಯ ಮಾನದಂಡ ದೇಶದಾದ್ಯಂತ ಜಾರಿಗೆ ಬಂದ ಮೇಲೆ ತಯಾರಾದ ಲಾರಿಗಳಲ್ಲಿ ಎಂಜಿನ್, ಹೊಗೆ ಶುದ್ಧೀಕರಣ, ಬ್ಯಾಟರಿ ಮುಂತಾದವುಗಳ ಸ್ಥಿತಿಯನ್ನು ಸೆನ್ಸರ್‌ಗಳು ಎಡೆಬಿಡದೆ ಅಳೆಯುತ್ತಿರುತ್ತವೆ. ಈ ಅಳತೆಗಳನ್ನು ಓದಿಕೊಂಡು, ಘಾಟಿಯ ತಿರುವಿನಲ್ಲಿ ಆಗಬೇಕಾಗಿದ್ದ ರಿಪೇರಿಯನ್ನು ಮೊದಲೇ ಗ್ಯಾರೇಜಿನಲ್ಲಿ ಮುಗಿಸುವುದು ಹೇಗೆ ಎಂಬುದನ್ನು, ರಿಪೇರಿಗೆಂದೇ ಪ್ರತ್ಯೇಕ ಎಂಜಿನಿಯರ್ ಇಲ್ಲದ ಸಣ್ಣ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಮ್ಮ ಗಾಡಿಯಲ್ಲಿರುವ ಸಾಧನ ಯಾವುದೆಂದು ಖಚಿತಪಡಿಸಿಕೊಳ್ಳಿ. ಟಾಟಾದ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡ್‌ನ ಐ-ಅಲರ್ಟ್, ಭಾರತ್‌ಬೆಂಜ್‌ನ ಟ್ರಕ್ಕನೆಕ್ಟ್‌ನಂಥ ತಯಾರಕರದೇ ವ್ಯವಸ್ಥೆಗಳು ಎಂಜಿನ್ನಿನ ಕಂಪ್ಯೂಟರ್‌ನೊಂದಿಗೆ ನೇರ ಸಂಪರ್ಕದಲ್ಲಿರುತ್ತವೆ. ವಾಹನ ಟ್ರ್ಯಾಕಿಂಗ್ ಸಾಧನಗಳ ಮಾನದಂಡವಾದ ಎಐಎಸ್-140ರಂತೆ ಪ್ರಮಾಣಿತವಾದ ಟ್ರ್ಯಾಕರ್‌ನ ಮುಖ್ಯ ಕೆಲಸವೆಂದರೆ ಗಾಡಿ ಇರುವ ಜಾಗ, ವೇಗ ಮತ್ತು ತುರ್ತು ಸಂದೇಶವನ್ನು ಕಳಿಸುವುದು. ಅದೊಂದೇ ಇದ್ದರೆ ಎಂಜಿನ್ನಿನ ಆರೋಗ್ಯ ತಿಳಿಯುವುದಿಲ್ಲ. ಹೊರಗಿನವರಿಂದ ಸಾಧನ ಕೊಳ್ಳುವುದಾದರೆ, ನಿಮ್ಮದೇ ಗಾಡಿಗೆ ಜೋಡಿಸಿ ಕೂಲಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ತಾಪಮಾನವನ್ನೂ ದೋಷ ಸಂಕೇತಗಳನ್ನೂ ತೋರಿಸುವಂತೆ ಹಣ ಕೊಡುವ ಮೊದಲೇ ಕೇಳಿ. ವೈರ್ ಕತ್ತರಿಸಿ ಜೋಡಿಸುವುದಕ್ಕೆ ಒಪ್ಪಬೇಡಿ. ಒಬಿಡಿ ಪೋರ್ಟ್ (ದೋಷ ಪತ್ತೆಗೆಂದು ಗಾಡಿಯಲ್ಲೇ ಇರುವ ಸಾಕೆಟ್) ಮೂಲಕ ಜೋಡಿಸಿದರೂ ವಾರಂಟಿಗೆ ತೊಂದರೆಯಿಲ್ಲವೆಂದು ಡೀಲರ್‌ನಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಸಾಧನ ಬಂದ ಮೇಲೆ ಆ್ಯಪ್‌ನಲ್ಲಿ ಕಾಣುವ ಕಿಲೋಮೀಟರ್ ಮತ್ತು ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಎರಡೂ ಒಂದೇ ಇವೆಯೇ ಎಂದು ನೋಡಿ ಸರಿಪಡಿಸಿ, ಕೊನೆಯ ಬಾರಿ ಆಯಿಲ್ ಬದಲಿಸಿದ ಲೆಕ್ಕವನ್ನು ತುಂಬಿರಿ. ಎಂಜಿನ್ ಓಡಿದ ಗಂಟೆಗಳನ್ನೂ ಗಮನಿಸಬೇಕು. ಕ್ವಾರಿಯಲ್ಲಿ ಲೋಡಿಗಾಗಿ ಎಂಜಿನ್ ಚಾಲೂ ಇಟ್ಟುಕೊಂಡೇ ಕಾಯುವ ಟಿಪ್ಪರ್ ಕಡಿಮೆ ಕಿಲೋಮೀಟರ್ ಓಡಿದ್ದರೂ ಅದರ ಆಯಿಲ್ ಹೆದ್ದಾರಿಯ ಲಾರಿಯ ಆಯಿಲ್‌ಗಿಂತ ಮೊದಲೇ ಸೋತಿರುತ್ತದೆ.

ದೋಷ ಸಂಕೇತಗಳನ್ನು ಓದಲು ಕಲಿಯುವುದು ಈ ಇಡೀ ಕೆಲಸದ ಜೀವಾಳ. ಭಾರಿ ವಾಹನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜೆ1939 ಪದ್ಧತಿಯಲ್ಲಿ ಪ್ರತಿ ದೋಷಕ್ಕೂ ಎರಡು ಅಂಕಿಗಳಿರುತ್ತವೆ: ಎಸ್‌ಪಿಎನ್ ಎಂಬುದು ಯಾವ ಭಾಗ ಅಥವಾ ಯಾವ ಅಳತೆ ಎಂದು ಹೇಳುತ್ತದೆ, ಎಫ್‌ಎಂಐ ಎಂಬುದು ಅದಕ್ಕೆ ಏನಾಗಿದೆ ಎಂದು ಹೇಳುತ್ತದೆ. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಒತ್ತಡ. ಅದರ ಜೊತೆಗೆ ಎಫ್‌ಎಂಐ 1 ಬಂದಿದ್ದರೆ ಒತ್ತಡ ಅಪಾಯದ ಮಟ್ಟಕ್ಕಿಂತ ಕೆಳಗಿಳಿದಿದೆ ಎಂದರ್ಥ. ಡ್ರೈವರ್ ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ತಂದು ತಕ್ಷಣ ಎಂಜಿನ್ ಆರಿಸಬೇಕು. ಅದೇ 100ರ ಜೊತೆಗೆ ಎಫ್‌ಎಂಐ 4 ಬಂದಿದ್ದರೆ ಸೆನ್ಸರ್‌ನ ವೋಲ್ಟೇಜ್ ಇರಬೇಕಾದುದಕ್ಕಿಂತ ಕಡಿಮೆಯಿದೆ ಎಂದರ್ಥವಾದ್ದರಿಂದ, ಎಂಜಿನ್ ಬಿಚ್ಚುವ ಮಾತಿಗಿಂತ ಮುಂಚೆ ಸಾಕೆಟ್ ಮತ್ತು ವೈರಿಂಗನ್ನು ನೋಡಬೇಕು. ಹಾಗೆಂದು ಎಫ್‌ಎಂಐ 4 ಬಂದಾಗ ನಿಶ್ಚಿಂತೆಯಿಂದ ಮುಂದೆ ಓಡಿಸುವಂತೆಯೂ ಇಲ್ಲ, ಏಕೆಂದರೆ ಆ ಹೊತ್ತಿನಲ್ಲಿ ನಿಜವಾದ ಒತ್ತಡ ಎಷ್ಟಿದೆಯೆಂದು ಯಾರಿಗೂ ತಿಳಿದಿರುವುದಿಲ್ಲ. ಎಂಜಿನ್ ಆರಿಸಿ, ಡಿಪ್‌ಸ್ಟಿಕ್ ನೋಡಿ, ಮೆಕ್ಯಾನಿಕ್‌ನನ್ನು ಕೇಳಿಯೇ ಹೊರಡಬೇಕು. ಕೆಲವು ಆ್ಯಪ್‌ಗಳು ಎರಡಕ್ಕೂ ‘ಆಯಿಲ್ ಒತ್ತಡದ ದೋಷ’ ಎಂಬ ಒಂದೇ ವಾಕ್ಯವನ್ನು ತೋರಿಸುವುದರಿಂದ, ಅಂಕಿಗಳನ್ನೂ ತೋರಿಸುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ.

ಸಂಕೇತ ಮೂಡುವ ಮೊದಲೇ ಸುಳಿವು ಕೊಡುವುದು ಅಳತೆಗಳ ಏರಿಳಿತ. ಮಂಗಳೂರಿನಿಂದ ಲೋಡ್ ಮಾಡಿಕೊಂಡು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುವ ಲಾರಿಯನ್ನೇ ತೆಗೆದುಕೊಳ್ಳಿ. ಕಳೆದ ತಿಂಗಳು ಅದೇ ಏರಿನಲ್ಲಿ, ಹೆಚ್ಚುಕಡಿಮೆ ಅಷ್ಟೇ ತೂಕದಲ್ಲಿ 92 ಡಿಗ್ರಿಯಲ್ಲಿದ್ದ ಕೂಲಂಟ್ ಈ ವಾರ 98ಕ್ಕೆ ಏರಿದೆ ಎಂದುಕೊಳ್ಳೋಣ. ಎಚ್ಚರಿಕೆಯ ಮಿತಿ ಇನ್ನೂ ದೂರವಿರುವುದರಿಂದ ಆ್ಯಪ್ ಸುಮ್ಮನಿರುತ್ತದೆ, ಆದರೆ ನೀವು ಸುಮ್ಮನಿರಬಾರದು. ಅದೇ ದಿನ ಅದೇ ಘಾಟಿ ಹತ್ತಿದ ನಿಮ್ಮ ಇನ್ನೊಂದು ಗಾಡಿಯಲ್ಲೂ ತಾಪ ಏರಿದ್ದರೆ ಅದು ಬಿಸಿಲಿನ ಪ್ರಭಾವವಿರಬಹುದು; ಇದೊಂದರಲ್ಲೇ ಏರಿದ್ದರೆ ಕೂಲಂಟ್ ಮಟ್ಟ, ರೇಡಿಯೇಟರ್‌ಗೆ ಮೆತ್ತಿಕೊಂಡ ಧೂಳು, ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್ ಇವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪರಿಶೀಲಿಸಬೇಕು. ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಒಳ್ಳೆಯ ಸಾಧನ ಮಾಹಿತಿಯನ್ನು ತನ್ನಲ್ಲೇ ಕೂಡಿಟ್ಟು ಆಮೇಲೆ ಕಳಿಸುತ್ತದೆಯಾದ್ದರಿಂದ, ಸಂಜೆ ಕೂತು ಈ ಹೋಲಿಕೆ ಮಾಡಬಹುದು.

ಬ್ಯಾಟರಿಯ ವಿಷಯ ಇದಕ್ಕಿಂತ ಸರಳ. 24 ವೋಲ್ಟ್ ವ್ಯವಸ್ಥೆಯ ಲಾರಿಯಲ್ಲಿ ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 27ರಿಂದ 28.5 ವೋಲ್ಟ್ ಇರಬೇಕು. ಎಷ್ಟು ಓಡಿದರೂ 26 ದಾಟದಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕಡೆ ನೋಡಿ.

ಬಿಎಸ್-6 ಲಾರಿಗಳಲ್ಲಿ ಡ್ರೈವರ್‌ಗಳು ಹೆಚ್ಚು ಗೊಣಗುವುದು ಡಿಇಎಫ್ (ಹೊಗೆ ಶುದ್ಧೀಕರಣದ ದ್ರವ) ಮತ್ತು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬಗ್ಗೆ, ಆ ಗೊಣಗಾಟದಲ್ಲಿ ನ್ಯಾಯವೂ ಇದೆ. ಡಿಇಎಫ್ ಎಂಬುದು ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ ಕರಗಿಸಿದ ದ್ರಾವಣ; ಅದು ಖಾಲಿಯಾದರೂ ಕಲಬೆರಕೆಯಾದರೂ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಹಂತಹಂತವಾಗಿ ಕುಗ್ಗಿಸುತ್ತದೆ. ನೂರು ಲೀಟರ್ ಡೀಸೆಲ್‌ಗೆ ನಿಮ್ಮ ಪ್ರತಿ ಗಾಡಿ ಎಷ್ಟು ಡಿಇಎಫ್ ಬಳಸುತ್ತದೆಂದು ಬರೆದಿಡಿ. ಆ ಪ್ರಮಾಣ ಇದ್ದಕ್ಕಿದ್ದಂತೆ ತಗ್ಗಿದರೆ ಡಿಇಎಫ್ ಸಿಂಪಡಿಸುವ ನಳಿಗೆಯಲ್ಲಿ ಯೂರಿಯಾ ಹರಳುಗಟ್ಟಿರುವ ಸಾಧ್ಯತೆಯಿದೆ. ಡಿಪಿಎಫ್‌ನಲ್ಲಿ ಕೂಡಿದ ಮಸಿಯನ್ನು ಸುಡಲು 600 ಡಿಗ್ರಿಯ ಆಸುಪಾಸಿನ ಶಾಖ ಬೇಕಾಗುವುದರಿಂದ, ಊರೊಳಗೆ ನಿಂತು ನಿಂತು ಓಡುವ ಗಾಡಿಗಳಲ್ಲಿ ಈ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಮಸಿಯ ಪ್ರಮಾಣ ಏರುತ್ತಿರುವುದು ಕಂಡರೆ ಆ ಗಾಡಿಗೆ ಒಂದು ಹೆದ್ದಾರಿ ಟ್ರಿಪ್ ಕೊಡಿ, ಇಲ್ಲವೇ ನಿಲ್ಲಿಸಿಕೊಂಡು ರೀಜನರೇಷನ್ (ಮಸಿ ಸುಡುವಿಕೆ) ಮಾಡಿಸಿ. ಆದರೆ ಒಣಹುಲ್ಲು ಅಥವಾ ಮೇವಿನ ಬಣವೆಯ ಪಕ್ಕದಲ್ಲಿ ಎಂದಿಗೂ ಬೇಡ. ಈ ವ್ಯವಸ್ಥೆಯನ್ನೇ ವಂಚಿಸುವ ಎಮ್ಯುಲೇಟರ್ ಹಾಕಿಕೊಡುತ್ತೇವೆ ಎನ್ನುವವರನ್ನು ದೂರವಿಡಿ. ಅದು ಕಾನೂನಿಗೆ ವಿರುದ್ಧವಷ್ಟೇ ಅಲ್ಲ, ಅದನ್ನು ಹಾಕಿದ ದಿನದಿಂದ ಹೊಗೆ ವ್ಯವಸ್ಥೆಯ ಬಗ್ಗೆ ನಿಮಗೆ ಬರುವ ಮಾಹಿತಿಯೆಲ್ಲ ಸುಳ್ಳಾಗಿರುತ್ತದೆ.

ಇಷ್ಟೆಲ್ಲ ಇದ್ದೂ ಗಾಡಿಗಳು ನಿಲ್ಲುವುದಕ್ಕೆ ಕಾರಣ, ಬಂದ ಎಚ್ಚರಿಕೆಯ ಮೇಲೆ ಕ್ರಮ ಕೈಗೊಳ್ಳಲು ಯಾರಿಗೂ ಅಧಿಕಾರ ಕೊಡದಿರುವುದು. ಅಧಿಕ ವೇಗ, ಹಠಾತ್ ಬ್ರೇಕ್ ಮುಂತಾದ ಸೂಚನೆಗಳನ್ನು ಬೇರೆ ಗುಂಪಿಗೆ ಹಾಕಿ, ದೋಷದ ಸೂಚನೆಗಳು ಮಾತ್ರ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಬರುವಂತೆ ಮಾಡಿ. ಆಯಿಲ್ ಒತ್ತಡ, ಅತಿ ತಾಪ, ಬ್ರೇಕಿನ ಗಾಳಿಯ ಒತ್ತಡ ಈ ಮೂರರಲ್ಲಿ ಯಾವುದು ಬಂದರೂ, ಸರಕು ತಡವಾದರೂ ಚಿಂತೆಯಿಲ್ಲ, ಡ್ರೈವರ್ ಯಾರ ಅಪ್ಪಣೆಗೂ ಕಾಯದೆ ಗಾಡಿ ನಿಲ್ಲಿಸಬಹುದೆಂದು ಮಾಲೀಕರೇ ಹೇಳಿರಬೇಕು. ಉಳಿದವನ್ನು ಅದೇ ದಿನ ನೋಡಬೇಕಾದವು ಮತ್ತು ಟ್ರಿಪ್ ಮುಗಿದ ಮೇಲೆ ನೋಡಬಹುದಾದವು ಎಂದು ಮೆಕ್ಯಾನಿಕ್‌ನೊಂದಿಗೆ ಕೂತು ವಿಂಗಡಿಸಿ. ಯಾವ ಸಂಕೇತ ಬಂತು, ಏನು ಕಂಡಿತು, ಏನು ಬದಲಿಸಲಾಯಿತು, ಮುಂದಿನ 500 ಕಿಲೋಮೀಟರಿನಲ್ಲಿ ಅದು ಮರಳಿ ಬಂತೇ ಎಂಬ ನಾಲ್ಕು ವಿಷಯಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮೆಕ್ಯಾನಿಕ್ ಸಂಕೇತವನ್ನು ಅಳಿಸಿದ ಮಾತ್ರಕ್ಕೆ ದೋಷ ಹೋಯಿತೆಂದು ಭಾವಿಸಬೇಡಿ.

ಡ್ರೈವರ್‌ಗಳನ್ನು ದಂಡಿಸುವುದಕ್ಕೆಂದೇ ಈ ಮಾಹಿತಿಯನ್ನು ಬಳಸಿದರೆ ಸಾಧನದ ಫ್ಯೂಸ್ ಮೇಲಿಂದ ಮೇಲೆ ‘ತಾನಾಗಿಯೇ’ ಹೋಗುತ್ತಿರುತ್ತದೆ. ಕ್ಲಚ್ಚಿನ ವಾಸನೆ, ಬೇರಿಂಗಿನ ಸದ್ದು ಯಾವ ಸೆನ್ಸರ್‌ಗಿಂತಲೂ ಮೊದಲು ತಿಳಿಯುವುದು ಅವರಿಗೇ ಆದ್ದರಿಂದ, ಟ್ರಿಪ್ ಮುಗಿದಾಗ ಅವರ ಭಾಷೆಯಲ್ಲೇ ಒಂದು ಧ್ವನಿ ಸಂದೇಶ ಕಳಿಸಲು ಹೇಳಿ ಅದನ್ನೂ ಪುಸ್ತಕಕ್ಕೆ ಸೇರಿಸಿ.

ಚಂದಾ ನವೀಕರಿಸುವ ಮೊದಲು ನಿಮ್ಮ ಗಾಡಿಗಳ ಹಳೆಯ ಮಾಹಿತಿಯನ್ನೆಲ್ಲ ಫೈಲ್ ರೂಪದಲ್ಲಿ ಇಳಿಸಿಕೊಳ್ಳಿ, ಕಂಪನಿ ಬದಲಿಸಿದರೆ ಅದು ಕೈತಪ್ಪಬಹುದು. ಸೆಕೆಂಡ್‌ಹ್ಯಾಂಡ್ ಲಾರಿ ಕೊಂಡಾಗಲೂ ಹಿಂದಿನ ಮಾಲೀಕರಿಂದ ಆ ದಾಖಲೆಯನ್ನು ಕೇಳಿ ಪಡೆದು, ಅವರ ಖಾತೆಯಿಂದ ಗಾಡಿಯನ್ನು ತೆಗೆಸಿ ನಿಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆಯೇ ಮೊದಲ ಲೋಡ್ ಹಾಕಿ.